ಸಪ್ಪೆ ಅಂಕಿ

ಪತ್ರಿಕೆಯವನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಪ್ರೊಫೆಸರ್ ತೊಕುನಾಗಾ ತಮ್ಮ ಟೈ ಸರಿಮಾಡಿಕೊಂಡರು. ಮೇಜಿನ ಮೇಲೆ ಹನ್ನೆರಡು ಸುಶಿ ಡಬ್ಬಿಗಳು ಆಗಲೇ ಬಂದು ಕೂತಿದ್ದವು. ಕೂಸು ಹುಟ್ಟುವ ಮುನ್ನವೇ ಕುಲಾವಿ ಎಂದುಕೊಂಡಳು ಕುವಬಾರಾ.

ದೂರದ ಗೆಲಾಕ್ಸಿಗಳ ಬೆಳಕು ಬರುವ ದಾರಿಯಲ್ಲಿ ಕಣ್ಣಿಗೆ ಕಾಣದ ದ್ರವ್ಯ ಅದನ್ನು ಕೂದಲೆಳೆಯಷ್ಟು ಬಾಗಿಸುತ್ತದೆ. ಎರಡೂವರೆ ಕೋಟಿ ಗೆಲಾಕ್ಸಿಗಳ ಆಕಾರದಲ್ಲಿ ಆ ಬಾಗನ್ನು ಅಳೆದರೆ, ವಿಶ್ವದಲ್ಲಿ ದ್ರವ್ಯ ಎಷ್ಟು ಗುಂಪುಗಟ್ಟಿದೆ ಎನ್ನುವುದಕ್ಕೆ ಒಂದು ಅಂಕಿ ಸಿಗುತ್ತದೆ. ಆರು ವರ್ಷ ಕೂತು ಅಳೆದವಳು ಕುವಬಾರಾ. ಆ ಅಳತೆಯ ಬಗ್ಗೆ ಊರೂರು ಸುತ್ತಿ ಭಾಷಣ ಬಿಗಿದವರು ತೊಕುನಾಗಾ. ಒಂದೇ ಒಂದು ಗೆಲಾಕ್ಸಿಯನ್ನು ಅವರು ಕಣ್ಣಿಟ್ಟು ನೋಡಿದವರಲ್ಲ. ಹಳೆಯ ಲೆಕ್ಕ 0.83 ಎನ್ನುತ್ತಿತ್ತು. ನಮ್ಮದು 0.76 ಬರುತ್ತದೆ, ಭೌತಶಾಸ್ತ್ರವೇ ಬುಡಮೇಲಾಗುತ್ತದೆ ಎಂದು ಮೂರು ವರ್ಷದಿಂದ ಸಾರಿಕೊಂಡು ಬಂದಿದ್ದರು.

ಆಸೆ ಅಳತೆಯನ್ನು ಕೆಡಿಸಬಾರದೆಂದು ಮಾಹಿತಿಯ ಮೂರು ಪ್ರತಿ ಮಾಡಿ, ಎರಡನ್ನು ಬೇಕೆಂದೇ ಸುಳ್ಳಾಗಿಸಿದ್ದರು. ಮೂರನ್ನೂ ಅಳೆದಾಗಿತ್ತು; ನಿಜವಾದದ್ದು ಯಾವುದೆಂದು ನಗೋಯಾ ವಿಶ್ವವಿದ್ಯಾಲಯದ ಒಬ್ಬರಿಗಷ್ಟೇ ಗೊತ್ತು. ಗುಟ್ಟು ತೆರೆದ ಮೇಲೆ ಏನನ್ನೂ ಬದಲಿಸುವಂತಿಲ್ಲ, ಅದೇ ದಿನ ಪ್ರಕಟಿಸಬೇಕು. ಈ ನಿಯಮ ಬರೆದವರೂ ತೊಕುನಾಗಾರೇ.

ಎರಡು ಗಂಟೆಗೆ ಗುಟ್ಟು ತೆರೆಯಲು ನಗೋಯಾದವರು ಪರದೆಯ ಮೇಲೆ ಬಂದರು. "ಎರಡನೇದು ನಿಜವಾದ್ದು," ಎಂದರು.

ಎರಡನೆಯ ಪ್ರತಿಯಿಂದ ಬಂದಿದ್ದ ಅಂಕಿ 0.82.

"ಹಾಗಾದ್ರೆ ಹೊಸದೇನೂ ಇಲ್ಲ ಅನ್ನಿ," ಎಂದ ಪತ್ರಿಕೆಯವನು ತನ್ನ ಪಾಲಿನ ಡಬ್ಬಿಯನ್ನು ಚೀಲಕ್ಕೆ ಸೇರಿಸಿಕೊಂಡು ಹೊರಟ.

ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ ತೊಕುನಾಗಾ ಗಂಟಲು ಸರಿಮಾಡಿಕೊಂಡರು. "ಉತ್ತರದ ಆ ತುಂಡು ಆಕಾಶ ಇದೆಯಲ್ಲ, ಅಲ್ಲಿ ಮೋಡದ ಕಾಟ ಜಾಸ್ತಿ. ಅದನ್ನ ಬಿಟ್ಟು ಒಂದ್ಸಲ ಲೆಕ್ಕ ಹಾಕಿ ನೋಡೋಣ."

"ನಿನ್ನೆವರೆಗೂ ಆ ಮೋಡ ಇರ್ಲಿಲ್ವಲ್ಲ ಸರ್," ಎಂದಳು ಕುವಬಾರಾ.

ತಂಡದಲ್ಲಿ ಯಾರೋ ನಕ್ಕವರು ಕೆಮ್ಮಿದಂತೆ ಮಾಡಿದರು.

"ನೋಡಮ್ಮಾ, ಮಾರ್ಚಿಗೆ ನಿನ್ನ ಅವಧಿ ಮುಗಿಯುತ್ತೆ. ಶಿಫಾರಸು ಪತ್ರ ಬರೀಬೇಕಾದೋನು ನಾನು."

"ಬರೀರಿ ಸರ್. ನೀವು ಬರೆದ ನಿಯಮಕ್ಕಿಂತ ಆ ಪತ್ರ ನಾಲ್ಕು ದಿನ ಹೆಚ್ಚು ಬಾಳಲಿ."

ಉಳಿದವರೆಲ್ಲ ಡಬ್ಬಿಯೊಳಗಿನ ಅನ್ನದ ಕಾಳುಗಳನ್ನು ಎಣಿಸುವವರಂತೆ ತಲೆ ತಗ್ಗಿಸಿದ್ದರು. ಇವರೂ ವಿಶ್ವವನ್ನು ಅಳೆಯುವ ಜನ ಎನಿಸಿತು ಅವಳಿಗೆ. ತಾನೂ ಒಳಗೊಳಗೇ 0.76ಕ್ಕೆ ಹರಕೆ ಹೊತ್ತವಳೇ ಎಂಬುದು ಹೊಳೆದು, ತನ್ನ ಮೇಲೂ ಅಷ್ಟೇ ಹೇಸಿಗೆಯಾಯಿತು.

ಅಂಕಿಗೆ ಮಾತ್ರ ಜಾಗ ಬಿಟ್ಟು ಬರೆದಿಟ್ಟಿದ್ದ ಪ್ರಬಂಧವನ್ನು ತೆರೆದು 0.82 ಎಂದು ತುಂಬಿದಳು. ಎಲ್ಲರೆದುರೇ ಪ್ರಕಟಣೆಗೆ ಕಳಿಸಿದಳು. ಅವಳು ಕೋಟು ಎತ್ತಿಕೊಂಡು ಹೊರಬಂದಳು.

ಗುಡ್ಡದ ಕೆಳಗಿನ ಬಸ್ ನಿಲ್ದಾಣದಲ್ಲಿ ನಿಂತಾಗ ಕಾಲು ಕೊರೆಯತೊಡಗಿತು. ಬಗ್ಗಿ ನೋಡಿದಳು. ಬೂಟು ಹಾಕಿಕೊಳ್ಳುವುದನ್ನು ಮರೆತು, ಕಟ್ಟಡದೊಳಗೆ ಮೆಟ್ಟುವ ಬಟ್ಟೆಯ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದಿದ್ದಳು. ಕಾಲುಚೀಲ ತೊಯ್ದು ಬೆರಳಿಗೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಸೆಂಡೈ ಸ್ಟೇಷನ್ನಿನ ಬಸ್ಸು ಬಂತು. ಚಪ್ಪಲಿಯ ಹಿಮವನ್ನು ಮೆಟ್ಟಿಲಿಗೆ ಕೊಡವಿ ಹತ್ತಿದಳು.