ಭುಜದ ಮೇಲಿನ ತೂತು

ನಮ್ಮ ಅತ್ತೆಯ ಕೈಗೆ ಹರಿದ ಬಟ್ಟೆ ಸಿಕ್ಕಿತೆಂದರೆ ಮುಗಿಯಿತು, ಅದನ್ನು ಸರಿ ಮಾಡುವವರೆಗೆ ಅವರು ಕಾಫಿಗೂ ಏಳುವುದಿಲ್ಲ. ನಮ್ಮದು ಬಟ್ಟೆ ಒಗೆದು, ಇಸ್ತ್ರಿ ಮಾಡಿ, ರಫು ಹಾಕಿಕೊಡುವ ಅಂಗಡಿ. ಮುಂದಿನ ಕೋಣೆ ನನ್ನದು: ಗಿರಾಕಿಗಳ ಜೊತೆ ಮಾತು, ಆವಿ ಇಸ್ತ್ರಿ, ಚೀಟಿ ಅಂಟಿಸುವುದು. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಅತ್ತೆಯದು. ಸಿಗರೇಟಿನ ಕಿಡಿ ಬಿದ್ದ ಕೋಟಾಗಲಿ, ಇಲಿ ಕಡಿದ ಶಾಲಾಗಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಆ ಎಳೆಯಿಂದಲೇ ನೇಯ್ದು ತೂತು ಮುಚ್ಚುತ್ತಾರೆ. ಆಮೇಲೆ ಬೆಳಕಿಗೆ ಹಿಡಿದರೂ ಎಲ್ಲಿ ಹರಿದಿತ್ತು ಅಂತ ಬಟ್ಟೆಯ ಯಜಮಾನನಿಗೇ ತಿಳಿಯುವುದಿಲ್ಲ.

ಅವರ ಮೇಜಿನ ಮೇಲೆ ಹರಿದ ಬಟ್ಟೆ ಇದ್ದರೆ ಅದು ರಫುವಿಗೆ ಬಂದದ್ದು ಎಂದೇ ಅರ್ಥ. ನಾನು ಹೇಳಬೇಕಿಲ್ಲ, ಅವರು ಕೇಳುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಹಾಗೇ ನಡೆದುಕೊಂಡು ಬಂದಿದೆ. ನಮ್ಮನ್ನು ಪೇಚಿಗೆ ಸಿಕ್ಕಿಸಿದ್ದೂ ಅದೇ.

ಮ್ಯೂಸಿಯಂನವರು ಹಿಪ್-ಹಾಪ್ ಬಗ್ಗೆ ಪ್ರದರ್ಶನ ಮಾಡುತ್ತಿದ್ದರು. ಹಳೆಯ ಕ್ಯಾಸೆಟ್ಟು, ಹಾಡಿನ ತಟ್ಟೆ ತಿರುಗಿಸುವ ಯಂತ್ರ, ಗೋಡೆ ಚಿತ್ರ, ಕುಣಿತ, ಜೊತೆಗೆ ಆಗಿನ ಹುಡುಗರು ಹಾಕುತ್ತಿದ್ದ ಬಟ್ಟೆ. ಆ ಬಟ್ಟೆಗಳನ್ನು ಮ್ಯೂಸಿಯಂನ ಮೇಡಂ ನಮ್ಮಲ್ಲಿಗೆ ತಂದುಕೊಟ್ಟಿದ್ದರು. ಇಬ್ಬರು ಒಟ್ಟಿಗೆ ಇಳಿಯಬಹುದಾದಷ್ಟು ಅಗಲದ ಪ್ಯಾಂಟುಗಳು, ಪಟ್ಟೆ ಪಟ್ಟೆ ಟ್ರ್ಯಾಕ್ ಸೂಟುಗಳು, ಬೆನ್ನ ತುಂಬ ಬಣ್ಣದಲ್ಲಿ ದಪ್ಪ ದಪ್ಪ ಅಕ್ಷರ ಬರೆದ ಒಂದು ಜೀನ್ಸ್ ಜಾಕೆಟ್ಟು. "ಧೂಳು ಹೋಗೋ ಹಾಗೆ ಆವಿ ಕೊಟ್ರೆ ಸಾಕು" ಅಂದಿದ್ದರು. ಆವಿ ಕೊಟ್ಟೆ. ನೇತುಹಾಕುವ ಕೋಲು ತುಂಬಿಹೋಯಿತು. ಉಳಿದ ಜಾಕೆಟ್ಟನ್ನು ಅತ್ತೆಯ ಮೇಜಿನ ಮೇಲೆ ಹರಡಿ, ಹೊರಗೆ ಕೂಗುತ್ತಿದ್ದ ಗಿರಾಕಿಯ ಹತ್ತಿರ ಹೋದೆ. ನಾನು ಮಾಡಿದ್ದು ಅಷ್ಟೇ.

ಪ್ರದರ್ಶನ ಶುರುವಾಗುವ ದಿನ ಬೆಳಿಗ್ಗೆ ಮೇಡಂ ಬಟ್ಟೆ ಒಯ್ಯಲು ಬಂದರು. ಒಂದೊಂದನ್ನೂ ನೋಡಿ ಮಡಚಿ ಪೆಟ್ಟಿಗೆಗೆ ಹಾಕಿದರು. ಜಾಕೆಟ್ಟನ್ನು ಕೈಗೆತ್ತಿಕೊಂಡವರು ತಿರುಗಿಸಿ ನೋಡಿದರು. ಒಳಗನ್ನು ಹೊರಗೆ ಮಾಡಿ ನೋಡಿದರು. ಮತ್ತೆ ತಿರುಗಿಸಿದರು.

"ಇದರಲ್ಲಿ ತೂತಿತ್ತಲ್ಲ? ಬಲಭುಜದ ಹಿಂದೆ?"

ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಮುಖ ಊರಗಲ ಆಗಿತ್ತು. "ಹುಡುಕಿ ನೋಡೋಣ! ನಿಮ್ಮದು ಹರೆಯದ ಕಣ್ಣು, ಸಿಕ್ಕರೆ ಹೇಳಿ."

ಮೇಡಂ ಹುಡುಕಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತರು. "ಅಮ್ಮಾ, ಆ ತೂತು ತೋರಿಸೋಕೇ ಜಾಕೆಟ್ ತರಿಸಿದ್ದು."

"ತೂತು ತೋರಿಸೋಕಾ?" ಅತ್ತೆ ನನ್ನ ಮುಖ ನೋಡಿದರು. "ಏನೇ ಇದು? ಇವರೇನು ತಮಾಷೆ ಮಾಡ್ತಿದಾರಾ?"

ಮೇಡಂ ವಿವರಿಸಿದರು. ಜಾಕೆಟ್ಟು ಒಬ್ಬ ಹೆಂಗಸಿನದು. ಹುಡುಗಿಯಾಗಿದ್ದಾಗ ಕುಣಿಯುವ ತಂಡದಲ್ಲಿದ್ದರು. ನೆಲಕ್ಕೆ ಬಿದ್ದು ಭುಜದ ಮೇಲೆ ಗಿರಗಿರ ತಿರುಗುತ್ತಿದ್ದರಂತೆ, ಅದಕ್ಕೇ ಎಲ್ಲರೂ ಬುಗುರಿ ಅಂತ ಕರೆಯುತ್ತಿದ್ದರು. ತಿರುಗಿ ತಿರುಗಿ ಸವೆದು ಬಿದ್ದ ತೂತು ಅದು. ತಂಡದ ಹಳೆಯ ಫೋಟೋಗಳು ಬೇಕಾದಷ್ಟು ಸಿಕ್ಕಿದ್ದವು, ಆದರೆ ಒಂದರಲ್ಲೂ ಅವರಿಲ್ಲ. ಕ್ಯಾಮೆರಾಗೆ ರೀಲು ಹಾಕಲು ಬರುತ್ತಿದ್ದದ್ದು ಅವರೊಬ್ಬರಿಗೇ. ಎಲ್ಲ ಫೋಟೋ ತೆಗೆದವರೂ ಅವರೇ.

"ತೆಗೆದವಳು ಫೋಟೋದಲ್ಲಿ ಹೇಗಿರ್ತಾಳೆ?" ಅಂದರು ಮೇಡಂ. "ಅವರೂ ಕುಣಿದಿದ್ರು ಅನ್ನೋಕೆ ಉಳಿದಿದ್ದು ಇದೊಂದೇ. ಮಧ್ಯಾಹ್ನ ಬಾಗಿಲು ತೆಗೀತೀವಿ."

ಅತ್ತೆಯ ಮುಖದ ಬಣ್ಣ ಇಳಿಯಿತು. ಅವರು ಹಿಂದಿನ ಕೋಣೆಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರು.

ಇಂಥ ಹೊತ್ತಿನಲ್ಲಿ ಯಾರ ತಪ್ಪು ಅಂತ ಹುಡುಕುತ್ತ ಕೂತರೆ ಹೊತ್ತು ಹೋಗುತ್ತದೆ, ಕೆಲಸ ಆಗುವುದಿಲ್ಲ. "ಅವರಿಗೆ ಫೋನ್ ಮಾಡಿ ಬರಹೇಳಿ" ಅಂದೆ. "ಮ್ಯೂಸಿಯಂನಲ್ಲಿ ಹತ್ತು ಜನರ ಎದುರು ಗೊತ್ತಾಗೋದಕ್ಕಿಂತ ಇಲ್ಲೇ ಗೊತ್ತಾಗಲಿ."

ಬುಗುರಿ ಈಗ ಬಸ್ಸು ಓಡಿಸುತ್ತಾರೆ. ಬೆಳಗಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದರು. ಗುಂಡಗೆ, ಗಟ್ಟಿಮುಟ್ಟಾಗಿ, ಕತ್ತರಿಸಿದ ಕೂದಲಲ್ಲಿ ಅರ್ಧ ಬಿಳಿ. ನೆಲದ ಮೇಲೆ ತಿರುಗುವ ಹೆಂಗಸು ಅಂತ ನಾನು ಯಾರನ್ನೋ ಸಣಕಲಿಯನ್ನು ಅಂದುಕೊಂಡಿದ್ದೆ. ಜಾಕೆಟ್ಟನ್ನು ಕೈಗೆ ಕೊಟ್ಟು ನಡೆದದ್ದನ್ನು ಹೇಳಿದೆ. ಅವರು ಭುಜದ ಜಾಗವನ್ನು ಬೆರಳಲ್ಲಿ ಸವರಿದರು.

"ಅಬ್ಬಾ, ಎಂಥಾ ಕೈರೀ ಅದು! ನನ್ನ ಬಟ್ಟೆ, ನನಗೇ ಗೊತ್ತಾಗ್ತಿಲ್ಲ." ನಕ್ಕರು. ನಗು ಪೂರ್ತಿ ಆಗಲಿಲ್ಲ. "ಹೋಗಲಿ ಬಿಡಿ. ಮಗಳಿಗೆ ಹೇಳಿದ್ದೆ, ಬಾ, ನಿಮ್ಮಮ್ಮ ಏನು ಮಾಡ್ತಿದ್ಲು ತೋರಿಸ್ತೀನಿ ಅಂತ. ಅವಳು ಯಾವತ್ತೂ ನಂಬಿಲ್ಲ. ಈಗ ಬಂದು ನೋಡಿದ್ರೆ ಒಂದು ಒಳ್ಳೇ ಜಾಕೆಟ್ ಇರುತ್ತೆ."

"ಅದೇ ಜಾಗದಲ್ಲಿ ಇನ್ನೊಂದು ತೂತು ಮಾಡಿದ್ರೆ?" ಅಂದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಕತ್ತರಿಯಲ್ಲಾ?" ಬುಗುರಿ ತಲೆ ಆಡಿಸಿದರು. "ಬೇಡಮ್ಮ. ಕತ್ತರಿ ಹಾಕಿದ ತೂತು ಇಟ್ಟುಕೊಂಡು ಇದು ಕುಣಿದು ಬಿದ್ದಿದ್ದು ಅಂತ ನಿಂತ್ಕೊಳ್ಳೋಕೆ ನನಗಾಗಲ್ಲ. ಅದಕ್ಕಿಂತ ಇಡದೇ ಇರೋದು ವಾಸಿ."

ಅವರು ಹೇಳಿದ್ದು ಸರಿ. ಆದರೆ ಕತ್ತರಿ ಅಂದ ಕೂಡಲೇ ನನಗೆ ಬೇರೊಂದು ಯೋಚನೆ ಬಂತು. ರಫು ಹಾಕುವ ಮುಂಚೆ ಅತ್ತೆ ತೂತಿನ ಅಂಚಿನಲ್ಲಿ ಜೂಲುಜೂಲಾಗಿ ನೇತಾಡುವ ಎಳೆಗಳನ್ನು ಸಣ್ಣ ಕತ್ತರಿಯಲ್ಲಿ ಸವರಿ ಹಾಕುತ್ತಾರೆ. ಹಾಗೆ ಮಾಡಿದ್ದರೆ ಹೊಸ ನೇಯ್ಗೆ ಬಿಚ್ಚಿದರೂ ಒಳಗೆ ಸಿಗುವುದು ಅತ್ತೆಯ ಕತ್ತರಿಯ ಗುಂಡು ತೂತು. ಸವೆದ ಅಂಚು ಕಸದ ಬುಟ್ಟಿಗೆ ಹೋಗಿರುತ್ತದೆ, ಬುಟ್ಟಿಯೋ ನಿನ್ನೆಯೇ ಖಾಲಿಯಾಗಿತ್ತು.

ಹಿಂದಿನ ಕೋಣೆಗೆ ಹೋದೆ. "ಅತ್ತೆ, ಅಂಚು ಸವರಿದ್ರಾ?"

ಅವರು ತಿರುಗಲಿಲ್ಲ.

"ಅತ್ತೆ, ಕೋಪ ಆಮೇಲೆ ಮಾಡ್ಕೊಳ್ಳಿ. ನನ್ನ ಮೇಲೇ ಮಾಡ್ಕೊಳ್ಳಿ. ಅಂಚಿಗೆ ಕತ್ತರಿ ಹಾಕಿದ್ರಾ ಇಲ್ವಾ?"

"ಯಾವಾಗಲೂ ಹಾಕ್ತೀನಿ, ನಿನಗೆ ಗೊತ್ತಿಲ್ವಾ?" ಅಂದರು ಕಿಟಕಿಗೆ. ಅತ್ತೆ ಮೂಗು ಸೇದಿದರು. "ಇದಕ್ಕೆ ಮಾತ್ರ ಹಾಕಲಿಲ್ಲ. ಹೇಗೆ ಹಾಕೋದು? ಆ ಹಳದಿ ಅಕ್ಷರ ಇದೆಯಲ್ಲ, ಅದರ ಬಾಲ ಆ ಜೂಲಿನ ಮೇಲೇ ಇಳಿದಿತ್ತು. ಎಳೆ ಹೋದರೆ ಬಣ್ಣಾನೂ ಹೋಗುತ್ತೆ. ದಾರ ಹೊಂದಿಸ್ತೀನಿ ಕಣೇ, ಬಣ್ಣ ಎಲ್ಲಿಂದ ತರಲಿ? ಎಲ್ಲಾ ಹಿಂದಕ್ಕೆ ಮಡಚಿ, ಅದರ ಮೇಲೆ ನೇಯ್ದೆ."

ನಾನು ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. ಸೊಸೆ ಅತ್ತೆಗೆ ಮಾಡುವ ಕೆಲಸ ಅಲ್ಲ ಅದು. "ಹಾಗಾದ್ರೆ ಎಲ್ಲಾ ಒಳಗಿದೆಯಾ?"

"ಇರದೆ ಎಲ್ಲಿ ಹೋಗುತ್ತೆ? ಬಿಡೇ, ಬಳೆ ಚುಚ್ಚುತ್ತೆ!"

ಆಮೇಲೆ ನಾಲ್ವರೂ ಕಿಟಕಿಯ ಮೇಜಿಗೆ ಮುತ್ತಿದೆವು. ರಫು ಹಾಕುವುದು ಅತ್ತೆಗೆ ಬೆರಳಿಗೇ ಗೊತ್ತು, ಆದರೆ ಹಾಕಿದ ಎಳೆಯನ್ನು ಹಳೆಯ ಎಳೆಯಿಂದ ಬೇರೆ ಮಾಡಲು ಕಣ್ಣು ಬೇಕು. ಆ ಕಣ್ಣು ಅವರಿಗೆ ಈಗ ಇಲ್ಲ. ಹಾಗಾಗಿ ಸೂಜಿ ನನ್ನ ಕೈಗೆ ಬಂತು. ಒಳಭಾಗದಲ್ಲಿ ಗಂಟು ಹಾಕದೆ ಬಿಟ್ಟ ಎಳೆಯ ತುದಿಯನ್ನು ಅತ್ತೆ ಉಗುರಿನಿಂದ ತಡವಿ ತೋರಿಸುವುದು, ನಾನು ಸೂಜಿಯಿಂದ ಎತ್ತಿ ಎಳೆಯುವುದು. ಮೇಡಂ ಟಾರ್ಚು ಹಿಡಿದರು. ಬೆಳಕು ಬಟ್ಟೆ ಬಿಟ್ಟು ಗೋಡೆಯ ಮೇಲೆ ಓಡಾಡಿತು. ಬುಗುರಿ ಟಾರ್ಚು ಕಿತ್ತುಕೊಂಡರು.

ನಾನು ಅವಸರ ಮಾಡಿದೆ. ಒಂದು ಎಳೆ ಪಕ್ಕದ್ದನ್ನೂ ಎಳೆದುಕೊಂಡು ಬಂತು.

"ಕುರಿ ಉಣ್ಣೆ ಕತ್ತರಿಸ್ತಿದೀಯಾ?" ಅತ್ತೆ ಗದರಿದರು. "ಒಂದೇ ಸಮ ಎಳಿ. ಎಳಿ, ಬಿಡು, ಎಳಿ, ಬಿಡು."

ಬುಗುರಿ ತುಟಿ ಒತ್ತಿ ಬಾಯಲ್ಲೇ ಸದ್ದು ಶುರು ಮಾಡಿದರು. ಬೂಮ್, ಚಿಕ್, ಬೂಮ್‌ಬೂಮ್, ಚಿಕ್. ಹೊಟ್ಟೆಯಿಂದ ಬರುವ ಡೋಲು, ಹಲ್ಲಿನ ಸಂದಿಯಿಂದ ಬರುವ ತಾಳ.

ಅತ್ತೆ ಕತ್ತು ಹೊರಳಿಸಿದರು. "ಏನು ತಾಯಿ ಅದು, ಒಗೆಯೋ ಮಿಷನ್ನು ಕೆಟ್ಟ ಹಾಗೆ?"

"ಮಾತಾಡಿಸಬೇಡಿ ಅಮ್ಮ, ತಾಳ ತಪ್ಪುತ್ತೆ. ಬೂಮ್‌ಗೆ ಎಳೀರಿ, ಚಿಕ್‌ಗೆ ಬಿಡಿ."

ನಂಬಿದರೆ ನಂಬಿ, ಕೈ ಹತೋಟಿಗೆ ಬಂತು. ಬೂಮ್‌ಗೆ ಎಳೆದೆ, ಚಿಕ್‌ಗೆ ಬಿಟ್ಟೆ. ನೀಲಿ ಎಳೆಗಳು ಮೇಜಿನ ಮೇಲೆ ಕೂದಲಿನಂತೆ ಬಿದ್ದವು. ಸ್ವಲ್ಪ ಹೊತ್ತಿಗೆ ಅತ್ತೆಯ ಉಗುರೂ ಆ ತಾಳಕ್ಕೇ ಮೇಜು ಕುಟ್ಟುತ್ತಿತ್ತು. ನಾನು ನೋಡಿದೆ ಅಂತ ಗೊತ್ತಾದ ಕೂಡಲೇ ನಿಲ್ಲಿಸಿದರು. ಹೊರಗೆ ಯಾರೋ ಗಿರಾಕಿ "ಅಕ್ಕಾ, ನನ್ನ ಕೋಟು" ಅಂದ. "ನಾಳೆ ಬಾರಪ್ಪಾ" ಅಂತ ಅತ್ತೆಯೇ ಕೂಗಿದರು. ಗಿರಾಕಿಯನ್ನು ಅವರು ವಾಪಸ್ಸು ಕಳಿಸಿದ್ದು ನಾನು ಕೇಳಿದ್ದು ಅದೇ ಮೊದಲು.

ಕೊನೆಯ ಎಳೆ ಬಂದ ಮೇಲೆ ಅತ್ತೆ ಜಾಕೆಟ್ಟನ್ನು ತಮ್ಮ ಕಡೆ ಎಳೆದುಕೊಂಡು, ಬೆರಳಿಗೆ ನೀರು ತಾಗಿಸಿ, ಮಡಚಿದ್ದ ಜೂಲನ್ನು ಒಂದೊಂದಾಗಿ ಹೊರಗೆ ತಂದರು. ಬಿಳಿಚಿಕೊಂಡ ಎಳೆಗಳು, ಒಂದು ಉದ್ದ, ಒಂದು ಗಿಡ್ಡ, ಒಂದರ ತುದಿಯಲ್ಲಿ ಹಳದಿ ಬಣ್ಣದ ಚೂರು. ಅವುಗಳ ನಡುವೆ ಅಂಗೈ ಅಗಲದ, ಸೊಟ್ಟಪಟ್ಟ ತೂತು.

"ಇದೇನಾ?" ಅತ್ತೆ ಕೇಳಿದರು. ದನಿ ಸಣ್ಣದಾಗಿತ್ತು.

ಬುಗುರಿ ತೂತಿನೊಳಗೆ ಕೈ ತೂರಿಸಿ, ಆ ಕಡೆಯಿಂದ ಬೆರಳು ಆಡಿಸಿದರು. ಆಮೇಲೆ ಅತ್ತೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಮೇಡಂ ಕಣ್ಣು ಒರೆಸಿಕೊಂಡು, ಜಾಕೆಟ್ಟನ್ನು ಕೂಸಿನ ಹಾಗೆ ಎತ್ತಿಕೊಂಡು ಆಟೋ ಹತ್ತಿದರು.

ಅಂಗಡಿಗೆ ಬೀಗ ಹಾಕಿ ನಾವೂ ಹೋದೆವು. ಅತ್ತೆ ಬರುವುದಿಲ್ಲ ಅಂದರು, ಆಮೇಲೆ ಒಳ್ಳೆಯ ಸೀರೆ ಉಟ್ಟುಕೊಂಡು ನನಗಿಂತ ಮುಂಚೆ ಬೀದಿಗಿಳಿದರು.

ಮ್ಯೂಸಿಯಂ ಅಂದರೆ ಪಿಸುಗುಟ್ಟುವ ಜಾಗ ಅಂದುಕೊಂಡಿದ್ದೆ. ಅಲ್ಲಿ ಡ್ರಮ್ಮಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಒಬ್ಬ ಹುಡುಗ ಮೈಕು ಹಿಡಿದು ತನ್ನ ಬೀದಿ, ತನ್ನ ಅಮ್ಮ, ತನ್ನ ಸಾಲದ ಬೂಟು ಎಲ್ಲವನ್ನೂ ಉಸಿರು ಬಿಡದೆ ಪ್ರಾಸ ಕಟ್ಟಿ ಹೇಳುತ್ತಿದ್ದ. ಮುದುಕರು ಅಗಲದ ಪ್ಯಾಂಟಿನ ಮುಂದೆ ನಿಂತು ಮೊಮ್ಮಕ್ಕಳಿಗೆ ಏನೋ ತೋರಿಸುತ್ತಿದ್ದರು. ಜಾಕೆಟ್ಟು ನಡುವೆ, ಗಾಜಿನ ಪೆಟ್ಟಿಗೆಯಲ್ಲಿ, ಬೆನ್ನು ನಮ್ಮ ಕಡೆ ಮಾಡಿ ನಿಂತಿತ್ತು. ಒಳಗೆ ಸಣ್ಣ ದೀಪ ಇಟ್ಟಿದ್ದರು. ತೂತಿನಿಂದ ಬೆಳಕು ಬರುತ್ತಿತ್ತು.

ನರೆತ ಮೀಸೆಯ ಒಬ್ಬ ಗಂಡಸು ಅದರ ಮುಂದೆ ಬಂದು ನಿಂತ. ಕಾವಲಿನವನು "ಗಾಜು ಮುಟ್ಟಬೇಡಿ" ಅನ್ನುವಷ್ಟರಲ್ಲಿ ಮುಟ್ಟಿಯೇ ಬಿಟ್ಟಿದ್ದ. ತಿರುಗಿ ಇಡೀ ಹಜಾರಕ್ಕೆ ಕೇಳುವಂತೆ ಕೂಗಿದ: "ಲೇ ಬುಗುರಿ! ಎಲ್ಲಿದೀಯೇ? ಇದು ಬಿದ್ದ ದಿನ ನಾನಿದ್ನಲ್ಲೇ! ಟೇಪ್ ರೆಕಾರ್ಡರ್ ಹೊತ್ತಿದ್ದವನು ನಾನು!"

ಬುಗುರಿಯ ಮಗಳು ಪಕ್ಕದಲ್ಲೇ ಇದ್ದಳು. "ಯಾವ ದಿನ, ಅಂಕಲ್? ಅದು ನಮ್ಮಮ್ಮನ ಜಾಕೆಟ್."

"ನಿನ್ನಮ್ಮನಾ? ಹಾಗಾದ್ರೆ ಕೇಳು. ಗಾರೆ ನೆಲ. ನಾವೆಲ್ಲ ರಟ್ಟಿನ ಡಬ್ಬ ಬಿಚ್ಚಿ ಹಾಸ್ಕೊಂಡು ಕುಣೀತಿದ್ವಿ. ಇವಳು ರಟ್ಟಿಂದ ಆಚೆ ಹೋದ್ಲು, ಹೋದವಳು ನಿಲ್ಲಲೇ ಇಲ್ಲ. ಮೊದಲೇ ಸವೆದಿದ್ದ ಬಟ್ಟೆ ಹರಿದು ಚರ್ಮ ಕಾಣಿಸ್ತು. ನಾನು ಹೆದರಿ ಹಾಡು ನಿಲ್ಲಿಸಿದ್ರೆ ನನಗೇ ಬೈದ್ಲು!"

ಮಗಳು ಗಾಜಿಗೆ ಹಣೆ ತಾಗಿಸಿ ಆ ತೂತನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು. ಸಮವಸ್ತ್ರ, ಸೊಂಟದಲ್ಲಿ ಬಸ್ಸಿನ ಬೀಗದ ಕೈ. "ಅಮ್ಮಾ," ಅಂದಳು, "ಭುಜ ತೋರಿಸು."

"ಇಲ್ಲಿ ಬೇಡ, ನಾಚಿಕೆಗೆಟ್ಟವಳೇ! ಮನೇಲಿ ತೋರಿಸ್ತೀನಿ." ಹಾಗೆಂದರೂ ಬುಗುರಿ ಕಾಲರನ್ನು ಇಷ್ಟು ಸರಿಸಿದರು. ಮಗಳು ಅಲ್ಲಿ ಬೆರಳಿಟ್ಟು ನೋಡಿದಳು.

ಪ್ರದರ್ಶನದಲ್ಲಿ ಕುಣಿಯಲು ಬಂದಿದ್ದ ಹುಡುಗಿಯರು ಅಷ್ಟರಲ್ಲಿ ಸುತ್ತುಗಟ್ಟಿ, ಒಂದು ಸಲ ಮಾಡಿ ತೋರಿಸಿ ಅಂತ ಕಾಡತೊಡಗಿದರು. "ಸೊಂಟ ಹಿಡ್ಕೊಂಡ್ರೆ ನಾಳೆ ಬಸ್ಸು ನೀವು ಓಡಿಸ್ತೀರಾ?" ಅಂದರು ಬುಗುರಿ. ಆದರೆ ಸುಮ್ಮನೆ ನಿಲ್ಲಲಾಗಲಿಲ್ಲ. ನೆಲದಲ್ಲಿ ಕೂತು, ಒಬ್ಬಳ ಮೊಣಕೈ ಹಿಡಿದು ಮಡಚಿಸಿ, "ಬೆನ್ನಲ್ಲ, ಭುಜ. ಭುಜ ಮೊದಲು ಕೊಡು" ಅಂತ ಹೇಳಿಕೊಡತೊಡಗಿದರು.

ನನಗೆ ಕಾಲು ಸೋತಿತ್ತು. ಕೂರಲು ಜಾಗ ಹುಡುಕಿದರೆ, ದೊಡ್ಡ ಸ್ಪೀಕರಿನ ಪಕ್ಕದ ಬೆಂಚಿನಲ್ಲಿ ಅತ್ತೆ ಚಪ್ಪಲಿ ಕಳಚಿಟ್ಟು, ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದರು. ಬೂಮ್ ಅಂದಾಗಲೆಲ್ಲ ಬೆಂಚು ಅದುರುತ್ತಿತ್ತು. ಮನೆಯಲ್ಲಿ ಸೊಳ್ಳೆ ಹಾರಿದರೂ ಎಚ್ಚರಾಗುವ ಹೆಂಗಸು. ಎಬ್ಬಿಸಲಿಲ್ಲ. ನಾನೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ.