ಹಳದಿ ಹಿಡಿಸುವ ಉಪ್ಪು

ಬಾಗಿಲು ಮೂರು ಬಾರಿ ಬಡಿದ ಸದ್ದಾಯಿತು.

ಚನ್ನಕೇಶವ ಲಾಟೀನಿನ ಬತ್ತಿ ಏರಿಸಿ ಅಗುಳಿ ತೆಗೆದ. ಹೊಸ್ತಿಲಾಚೆ ಪಕ್ಕದ ಮನೆಯ ದಸ್ತಗಿರ್ ನಿಂತಿದ್ದ. ರೇಷ್ಮೆಗೆ ಬಣ್ಣ ಹಾಕಿ ಹಾಕಿ ಹಳದಿಗಟ್ಟಿದ ಅವನ ಬೆರಳುಗಳು ಒಂದು ಹಿತ್ತಾಳೆ ಬೋಸಿಯನ್ನು ಹೊಸ್ತಿಲ ಮೇಲಿಟ್ಟವು. ಮುಖವೆತ್ತಿ ನೋಡಲಿಲ್ಲ. ಬೆನ್ನು ತಿರುಗಿಸಿ ಹೊರಟೇಹೋದ.

"ಯಾರೋ ಕೇಶವಪ್ಪಾ, ಈ ಹೊತ್ನಲ್ಲಿ?" ಎನ್ನುತ್ತ ತಾಯಿ ಕದಿರಮ್ಮ ಎದ್ದು ಬಂದರು. ಬೋಸಿ ಅವರದೇ. ಒಳಗೆ ಕೈಯಾಡಿಸಿ ನೋಡಿದರು. ಏನೂ ಇಲ್ಲ. ಶಿಡ್ಲಘಟ್ಟದ ಆ ಬೀದಿಯಲ್ಲಿ, ಸಾರು ಕೊಟ್ಟುಕಳಿಸಿದ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚೂರು ಬೆಲ್ಲ, ಅದಕ್ಕೂ ಗತಿಯಿಲ್ಲದಿದ್ದರೆ ಒಂದು ಎಸಳು ಕರಿಬೇವಾದರೂ ತಳದಲ್ಲಿ ಇರಬೇಕು. ಎಂಟು ವರ್ಷ ಆ ಎರಡು ಮನೆಗಳ ನಡುವೆ ಬೋಸಿ ಹಾಗೆಯೇ ಓಡಾಡಿತ್ತು.

"ಬರೀ ಬೋಸಿ ಕಣೋ," ಎಂದರು ಕದಿರಮ್ಮ. ಆ ರಾತ್ರಿ ಮತ್ತೆ ಮಲಗಲಿಲ್ಲ.

ಕಾರಣ ಬೆಳಿಗ್ಗೆ ಬೀದಿಯ ನಲ್ಲಿಯ ಬಳಿ ತಿಳಿಯಿತು. ದಸ್ತಗಿರನ ಹೆಂಡತಿ ವಜೀರುನ್ನೀಸಾ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಕರುಳು ಕಿವುಚಿದಂತೆ ಹೊಟ್ಟೆನೋವು, ಸುಣ್ಣದಂತೆ ಬಿಳಿಚಿದ ಮುಖ. ಸ್ಥಳೀಯ ಔಷಧಿಗಳೆಲ್ಲ ಸೋತ ಮೇಲೆ, ಮದ್ದು ತೆಗೆಯುವ ಅಕ್ಕಯ್ಯಮ್ಮನನ್ನು ಕರೆಸಿದ್ದರು. ಆಕೆ ನಾಡಿ ಹಿಡಿದು ನೋಡಿ, ಹೊರಗೆ ಬಂದು ದಸ್ತಗಿರನಿಗೆ, "ಇದು ಕೈಮದ್ದು. ಯಾರೋ ಆಗದೋರು ಸಾರಲ್ಲಿ ಕಲಸಿ ಕೊಟ್ಟವ್ರೆ. ದೂರದೋರಲ್ಲ, ಗೋಡೆ ಪಕ್ಕದೋರು," ಎಂದುಬಿಟ್ಟಿದ್ದಳು. ಗೋಡೆ ಪಕ್ಕದಿಂದ ಸಾರು ಕಳಿಸುತ್ತಿದ್ದವರು ಕದಿರಮ್ಮ ಒಬ್ಬರೇ.

ಕದಿರಮ್ಮ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಖಾಲಿ ಕೊಡ ಹಿಡಿದು ಹಿಂದಿರುಗಿ, ಹೈಸ್ಕೂಲಿಗೆ ಹೊರಟಿದ್ದ ಮಗನ ಎದುರು ನಿಂತರು.

"ನೀನು ಕೆಮಿಸ್ಟ್ರಿ ಮೇಷ್ಟ್ರು ತಾನೆ? ಆ ಹೆಣ್ಮಗು ಹೊಟ್ಟೇಲಿ ಏನೈತೆ ಅಂತ ಕಂಡುಹಿಡಿ."

"ನಿನ್ನ ಮೇಲೆ ಇಂಥ ಮಾತು ಬಂದಿರೋವಾಗ ನಾನು ಅವರ ಮನೆ ಬಾಗಿಲಿಗೆ ಹೋಗ್ಲಾ?"

"ನನ್ನ ಹೆಸರು ಆಮೇಲೆ ತೊಳಕೊಳ್ಳಾಣ. ಅದು ಬದುಕಲಿ ಮೊದಲು."

ಸಂಜೆ ಚನ್ನಕೇಶವ ಆ ಬಾಗಿಲಿಗೆ ಹೋದ. ದಸ್ತಗಿರ್ ಅಡ್ಡ ನಿಂತ. ಆದರೆ ಒಳಗಿನಿಂದ, "ಮೇಷ್ಟ್ರಾ? ಬರ್ಲಿ ಬಿಡಿ. ಅಮ್ಮ ಯಾಕೆ ಬಂದಿಲ್ಲ?" ಎಂಬ ಸಣ್ಣ ದನಿ ಕೇಳಿತು. ಬೀದಿಯ ಮಾತು ರೋಗಿಯ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ದಸ್ತಗಿರ್ ತಲೆ ತಗ್ಗಿಸಿ ದಾರಿ ಬಿಟ್ಟ.

ವಜೀರುನ್ನೀಸಾ ನಮಸ್ಕರಿಸಲು ಕೈಯೆತ್ತಿದಳು. ಮಣಿಕಟ್ಟು ಬಾಡಿದ ದಂಟಿನಂತೆ ಜೋತುಬಿತ್ತು. ನಾಚಿಕೆಯಿಂದ ನಕ್ಕಳು. ನಕ್ಕಾಗ ವಸಡಿನ ಅಂಚಿನಲ್ಲಿ ಮಸಿಯಿಂದ ಎಳೆದಂತೆ ಒಂದು ನೀಲಿ ಗೆರೆ ಕಂಡಿತು. ಚನ್ನಕೇಶವನಿಗೆ ಅದರ ಅರ್ಥ ತಿಳಿಯಲಿಲ್ಲ, ಆದರೆ ಅದನ್ನು ಮರೆಯಲೂ ಆಗಲಿಲ್ಲ.

ಹೊರಡುವ ಮುಂಚೆ ಹಿತ್ತಿಲಲ್ಲಿ ಬಣ್ಣ ಹಾಕುವ ಕೊಟ್ಟಿಗೆಗೆ ಇಣುಕಿದ. ಅಲ್ಲಿ ಮೂರು ಹಳೆಯ ಡಬ್ಬಗಳಿದ್ದವು. ಒಂದರ ಚೀಟಿ 'ಸಾಲ್ ಅಮೋನಿಯಾಕ್' ಎಂದಿತ್ತು. ಅದು ನಮ್ಮ ನವಸಾಗರ. ಎರಡನೆಯದು 'ಗ್ರೀನ್ ವಿಟ್ರಿಯಾಲ್', ಎಂದರೆ ಅನ್ನಭೇದಿ. ಮೂರನೆಯದರಲ್ಲಿ ಬಿಳಿಯ ಹರಳುಗಳಿದ್ದವು. ಚೀಟಿಯ ಮೇಲೆ, ಅವನು ಯಾವ ಪುಸ್ತಕದಲ್ಲೂ ಕಾಣದ ಹೆಸರು: 'ಸ್ಯಾಕರಮ್ ಸ್ಯಾಟರ್ನಿ'.

"ಇದೇನು, ದಸ್ತಗಿರ್?"

"ಹಳದಿ ಹಿಡಿಸೋ ಉಪ್ಪು. ಚಿಂತಾಮಣೀಲಿ ಒಂದು ಇಂಗ್ಲಿಷ್ ಔಷಧಿ ಅಂಗಡಿ ಮುಚ್ಚಿದ್ರು, ರಂಜಾನ್ ಮುಗಿದ ಮೇಲೆ ತಂದೆ. ರೇಷ್ಮೆ ನೂಲಿನ ಲಡಿನ ಇದರ ನೀರಲ್ಲಿ ಅದ್ದಿ ಒಣಗಿಸಿ, ಆಮೇಲೆ ಬೈಕ್ರೋಮೇಟಲ್ಲಿ ಅದ್ದಿದ್ರೆ ಚಿನ್ನ ನೋಡಿ, ಚಿನ್ನ! ಯಾಕೆ ಮೇಷ್ಟ್ರೇ?"

ಚನ್ನಕೇಶವ ಚೀಟಿಯ ಹೆಸರನ್ನು ನಕಲು ಮಾಡಿಕೊಂಡು, ಒಂದು ಚಿಟಿಕೆ ಹರಳನ್ನು ಕಾಗದದಲ್ಲಿ ಕಟ್ಟಿಕೊಂಡ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಚಿಕ್ಕಬಳ್ಳಾಪುರ. ಅಲ್ಲಿ ನಲವತ್ತು ವರ್ಷ ಕಾಂಪೌಂಡರಾಗಿ ನಿವೃತ್ತರಾದ ನರಸಿಂಹಪ್ಪನವರು ಜಗಲಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದರು. ಚೀಟಿಯ ನಕಲನ್ನು ಕಣ್ಣಿನ ಹತ್ತಿರ ಹಿಡಿದರು.

"ಸ್ಯಾಕರಮ್ ಅಂದ್ರೆ ಸಕ್ಕರೆ, ಅಷ್ಟು ಗೊತ್ತಾಯ್ತು ಸಾರ್. ಮುಂದಿನದು ಬಗೆಹರೀಲಿಲ್ಲ."

"ಬಿ.ಎಸ್ಸಿ. ಮಾಡ್ದೋರು ಪಂಚಾಂಗ ಓದಲ್ವೇನಯ್ಯಾ?" ಮುದುಕರು ನಕ್ಕರು. "ಹಿಂದಿನ ರಸವಾದಿಗಳು ಲೋಹಕ್ಕೊಂದು ಗ್ರಹ ಹಂಚಿದ್ರು. ಚಿನ್ನಕ್ಕೆ ಸೂರ್ಯ, ಬೆಳ್ಳಿಗೆ ಚಂದ್ರ, ಕಬ್ಬಿಣಕ್ಕೆ ಮಂಗಳ. ಮಂಕಾಗಿ, ಭಾರವಾಗಿ ಬಿದ್ದಿರೋ ಲೋಹ ಒಂದೈತಲ್ಲ, ಅದನ್ನ ಸ್ಯಾಟರ್ನಿಗೆ, ಅಂದ್ರೆ ಶನಿಗೆ ಕೊಟ್ರು."

"ಸೀಸ!"

"ಹೂಂ. ಸೀಸದ ಸಕ್ಕರೆ. ನಿಮ್ಮ ಪುಸ್ತಕದಲ್ಲಿ ಲೆಡ್ ಅಸಿಟೇಟ್ ಅಂತ ಬರೆದಿರ್ತಾರೆ. ಆ ಹಳೇ ಹೆಸರು ಸುಮ್ನೆ ಇಟ್ಟಿದ್ದಲ್ಲ, ನಾಲಿಗೆಗೆ ನಿಜವಾಗ್ಲೂ ಸಿಹಿ. ದಿನಾ ಇಷ್ಟಿಷ್ಟೇ ಒಳಗೆ ಹೋದ್ರೆ ಹೊಟ್ಟೆ ನುಲಿಯುತ್ತೆ, ಮಣಿಕಟ್ಟು ಸೋಲುತ್ತೆ, ವಸಡಿನ ಮೇಲೆ..."

"ನೀಲಿ ಗೆರೆ," ಎಂದ ಚನ್ನಕೇಶವ. ನರಸಿಂಹಪ್ಪನವರ ಕೈಯಲ್ಲಿದ್ದ ಕಡಲೆಕಾಯಿ ಹಾಗೆಯೇ ಉಳಿಯಿತು.

"ಯಾರಿಗಯ್ಯಾ ಆಗಿರೋದು? ಬೇಗ ಆಸ್ಪತ್ರೆಗೆ ಸಾಗಿಸು."

ಊರಿಗೆ ಮರಳಿ ಬಸ್ಸಿಳಿದವನು ನೇರವಾಗಿ ಹೈಸ್ಕೂಲಿನ ಪ್ರಯೋಗಶಾಲೆಗೆ ಹೋದ. ಹರಳನ್ನು ನೀರಿನಲ್ಲಿ ಕರಗಿಸಿ ಎರಡು ತೊಟ್ಟು ಅಯೊಡೈಡ್ ದ್ರಾವಣ ಬಿಟ್ಟ. ಗಾಜಿನ ನಳಿಗೆಯಲ್ಲಿ ಚೆಂಡುಹೂವಿನಂಥ ಹಳದಿ ಅರಳಿ ತಳಕ್ಕಿಳಿಯಿತು. ಸಂಶಯವಿರಲಿಲ್ಲ, ಅದು ಸೀಸವೇ.

ಗೆದ್ದೆನೆಂದುಕೊಂಡವನಿಗೆ ಮರುಕ್ಷಣವೇ ಇನ್ನೊಂದು ಹೊಳೆಯಿತು. ಇಷ್ಟು ದಿನ ಅದು ಅಕ್ಕಯ್ಯಮ್ಮನ ಊಹೆಯಾಗಿತ್ತು. ಈಗ ವಿಷವಿದೆ ಎಂದು ಅವನೇ ಸಾಧಿಸಿಕೊಟ್ಟಂತಾಯಿತು. ಬೀದಿ ಕೇಳುವ ಪ್ರಶ್ನೆ ಇನ್ನು ಒಂದೇ: ಬಾಯಿಗೆ ಹಾಕಿದವರು ಯಾರು? ಗಂಡ ಹೆಂಡತಿ ಉಣ್ಣುತ್ತಿದ್ದುದು ಒಂದೇ ಒಲೆಯ ಅಡುಗೆ, ಕುಡಿಯುತ್ತಿದ್ದುದು ಒಂದೇ ನಲ್ಲಿಯ ನೀರು. ಗಂಡ ಗಟ್ಟಿಮುಟ್ಟಾಗಿದ್ದ. ಹೆಂಡತಿ ಮಾತ್ರ ಇಷ್ಟಪಟ್ಟು ಉಣ್ಣುತ್ತಿದ್ದುದು ಕದಿರಮ್ಮನ ಬಸ್ಸಾರು.

ಕತ್ತಲಾಗುವ ಮುಂಚೆ ವಜೀರುನ್ನೀಸಾಳ ಹಾಸಿಗೆಯ ಪಕ್ಕ ಕುಳಿತಿದ್ದ. ದಸ್ತಗಿರ್ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಈಚೆಗೆ ಸಿಹಿ ಏನಾದ್ರೂ ತಿಂದಿರಾ?"

"ಸಿಹಿಯಾ? ನೂಲು ಬಿಟ್ರೆ ಇನ್ನೇನಿಲ್ಲಪ್ಪ," ಎಂದು ಅವಳು ನಕ್ಕಳು.

"ನೂಲು?"

"ಎಳೆ ಹರಿದ್ರೆ ತುದೀನ ನಾಲಿಗೆಗೆ ತಾಕಿಸಿ, ಹೊಸೆದು, ಗಂಟು ಹಾಕಿ ಹಲ್ಲಲ್ಲಿ ಕಡೀತೀವಲ್ಲ. ರೇಷ್ಮೆ ಕೆಲಸದ ಹೆಂಗಸರೆಲ್ಲ ಹಂಗೇ ಮಾಡೋದು. ಬಣ್ಣಕ್ಕೆ ಮುಂಚೆ ಇವರು ಒಣಗಿಸಿಕೊಡ್ತಾರಲ್ಲ ಬಿಳೀ ಲಡಿ, ಅದರ ಎಳೆ ಸಿಹಿ ಇರ್ತಿತ್ತು." ಅವಳು ದನಿ ತಗ್ಗಿಸಿದಳು. "ನಾನು ದಿನವೆಲ್ಲ ಬಾಯಲ್ಲಿ ಹಿಡೀತೀನಿ ಅಂತ ಇವರು ನೀರಿಗೆ ಸಕ್ಕರೆ ಹಾಕ್ತಾರೆ ಅಂದ್ಕೊಂಡೆ. ಕೇಳಿದ್ರೆ ನಾಚ್ಕೊಂತಾರೆ ಅಂತ ಕೇಳಲಿಲ್ಲ."

ಬಾಗಿಲಲ್ಲಿ ಹಾಲು ಚೆಲ್ಲಿತು.

ಅಂದಿನಿಂದ ಆ ಡಬ್ಬವನ್ನು ಯಾರೂ ಮುಟ್ಟಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹೆಂಡತಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಹೊರಡಿಸುವಾಗ ದಸ್ತಗಿರ್ ಚನ್ನಕೇಶವನ ತೋಳು ಹಿಡಿದ. "ಬೀದಿಗೆ ಏನು ಹೇಳ್ತೀರಿ ಮೇಷ್ಟ್ರೇ?"

"ಡಬ್ಬದ ತಪ್ಪು ಅಂತೀನಿ. ಓದೋಕೇ ಆಗದ ಹೆಸರು. ನಾನೇ ಓದಲಾರದೆ ಹೋದೆ, ನಿನಗೆ ಹೇಗೆ ಗೊತ್ತಾಗ್ಬೇಕು?"

ದಸ್ತಗಿರ್ ಬೇಡವೆಂದು ತಲೆಯಾಡಿಸಿದ. "ಅಮ್ಮನ ಹೆಸರು ಎಲ್ಲರ ನಾಲಿಗೆ ಮೇಲೂ ಸಲೀಸಾಗಿ ಆಡ್ತು. ಈ ಡಬ್ಬದ ಹೆಸರು ಯಾರ ಬಾಯಿಗೂ ಹತ್ತಲ್ಲ. ಹತ್ತದೆ ಇರೋ ಹೆಸರು ಹೇಳಿದ್ರೆ ಜನ ಹಳೇದನ್ನೇ ಇಟ್ಕೊಂತಾರೆ."

ಹತ್ತು ದಿನ ಕಳೆದು, ಬೆಳಿಗ್ಗೆ ನಲ್ಲಿಯ ಬಳಿ ಕೊಡಗಳ ಸಾಲಿದ್ದಾಗ ಅವನು ಬೆಂಗಳೂರಿನಿಂದ ಒಬ್ಬನೇ ಬಂದ. ನೇರವಾಗಿ ಕದಿರಮ್ಮನ ಜಗಲಿಗೆ ಹೋಗಿ, "ಅಮ್ಮಾ, ಸ್ವಲ್ಪ ಬೀದಿಗೆ ಬನ್ನಿ," ಎಂದು ಕರೆದ. ಮಗನ ಹಿಂದೆಯೇ ಕದಿರಮ್ಮ ಹೊರಬಂದರು. ಎಷ್ಟೋ ದಿನಗಳ ಬಳಿಕ ಅವರು ಆ ಹೊಸ್ತಿಲು ದಾಟಿದ್ದರು.

"ಮಗು ಹೆಂಗೈತಪ್ಪಾ?"

"ಗಂಜಿ ಕುಡೀತವ್ಳೆ. ಕೈ ಸರಿಹೋಗೋಕೆ ತಿಂಗಳುಗಳು ಬೇಕಂತೆ, ಜೀವಕ್ಕೆ ಭಯ ಇಲ್ಲ ಅಂದ್ರು ಡಾಕ್ಟ್ರು. ನಿಮ್ಮ ಬಸ್ಸಾರು ಕೇಳ್ತಾವ್ಳೆ."

"ಅಯ್ಯೋ ದೇವುಡಾ," ಎಂದು ಕದಿರಮ್ಮ ಸೆರಗು ಬಾಯಿಗೊತ್ತಿಕೊಂಡರು.

ಕೊಡಗಳ ಸಾಲಿನಿಂದ ಅಕ್ಕಯ್ಯಮ್ಮ ಮುಂದೆ ಬಂದಳು. "ಆಸ್ಪತ್ರೇಲೂ ವಿಷ ಅಂದ್ರಂತೆ. ನಾನು ಹೇಳಿದಂಗೆ ಮದ್ದೇ ಅಲ್ವಾ? ಹಂಗಾದ್ರೆ ಹಾಕಿದೋರು ಯಾರು ಅಂತಾನೂ ಹೇಳು. ಬೀದಿ ಕೇಳಲಿ."

ಚನ್ನಕೇಶವ ಬೇಡವೆಂಬಂತೆ ಕಣ್ಸನ್ನೆ ಮಾಡಿದ. ಬಣ್ಣಗಾರ ಅದನ್ನು ನೋಡಲಿಲ್ಲ. ಕದಿರಮ್ಮನ ಎದುರು ಹಳದಿ ಬೆರಳುಗಳನ್ನು ಜೋಡಿಸಿ ನಿಂತು, ಕೊನೆಯ ಕೊಡದವರಿಗೂ ಕೇಳುವಂತೆ ಹೆಸರು ಹೇಳಿದ:

"ದಸ್ತಗಿರ್."