ಅಮಾವಾಸ್ಯೆಯ ದಿನ ಹಣಿಗೆ ತುಂಬಿದ್ದು

ಒಳ್ಳೆಯತನ ಎಷ್ಟು ತಲೆ ತಿನ್ನುತ್ತದೆ ಎನ್ನುವುದು ಒಳ್ಳೆಯವನನ್ನು ಕಟ್ಟಿಕೊಂಡವಳಿಗೆ ಮಾತ್ರ ಗೊತ್ತು. ನಮ್ಮವರು, ದೇವದಾನಪ್ಪ, ಬನಹಟ್ಟಿಯ ರಾಮಲಿಂಗಪ್ಪ ಸಾವಕಾರರ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಲೇ ತಲೆ ನರೆಸಿಕೊಂಡವರು. ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಸಾವಕಾರರು ಅವರನ್ನು ಕರೆದು, "ಐತವಾರ ಬಂತಂದ್ರ ನೀ ಜಮಖಂಡಿ ಚರ್ಚಿಗೆ ಹೋಗ್ತಿ, ಇಲ್ಲಿ ನನ್ನ ಮಗ್ಗ ನಿಂದರ್ತಾವು. ಚಿಮ್ಮಡದಿಂದ ಒಬ್ಬಾಂವ ಬರಾಕತ್ತಾನ. ಇನ್ನ ನೀ ಬರಬ್ಯಾಡಪಾ" ಎಂದರಂತೆ. ಉಳಿದ ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಆ ದಿನ ಒಬ್ಬರೇ ಹೋಗಿ ಶೆಡ್ಡು ಗುಡಿಸಿ, ಮಗ್ಗಗಳಿಗೆ ಎಣ್ಣೆ ಬಿಟ್ಟು ಬರುತ್ತಿದ್ದವರು ನಮ್ಮವರು. ಅದು ಸಾವಕಾರರಿಗೆ ನೆನಪಾಗಲಿಲ್ಲ.

"ಒಂದ್ ಮಾತರ ಜಗಳಾಡಿ ಬರಬೇಕಿಲ್ಲೇನ್ರಿ?" ಎಂದೆ.

"ಏನಂತ ಜಗಳಾಡೂದು? ಇಷ್ಟ್ ವರ್ಷ ಅನ್ನ ಹಾಕ್ಯಾರ. ಕೈ ಮುಗದು ಬಂದೆ."

ನನಗೆ ಮೈಯೆಲ್ಲ ಉರಿಯಿತು. ನಾವಿದ್ದದ್ದು ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಅದು ಕೆಲಸದವರಿಗೆಂದೇ ಕಟ್ಟಿಸಿದ್ದು. ಕೆಲಸ ಹೋಯಿತೆಂದರೆ ತಲೆಯ ಮೇಲಿನ ಸೂರೂ ಇವತ್ತಲ್ಲ ನಾಳೆ ಹೋದಂತೆ. ಅವತ್ತು ಸಂಜೆಯ ಪ್ರಾರ್ಥನೆಯಲ್ಲಿ ಇವರು ಕಣ್ಣು ಮುಚ್ಚಿ, "ಕರ್ತನೇ, ರಾಮಲಿಂಗಪ್ಪನವರನ್ನೂ ಅವರ ಮಗ್ಗಗಳನ್ನೂ ಆಶೀರ್ವದಿಸು" ಎಂದರು. ನಾನು ಆಮೆನ್ ಅನ್ನಲಿಲ್ಲ. ಸಾವಕಾರರಿಗೆ ಬೇಕಾದರೆ ಇರಲಿ, ಮಗ್ಗಗಳಿಗೂ ಆಶೀರ್ವಾದವೇ?

ಚಿಮ್ಮಡದವನು ಬಂದ. ಹೆಸರು ಅಮಸಿದ್ದಪ್ಪ, ಕುರಿ ಕಾಯುವ ಮನೆಯ ಹುಡುಗ. ಮಗ್ಗದ ಸದ್ದಿಗೇ ಬೆಚ್ಚಿಬೀಳುತ್ತಿದ್ದ. ನಮ್ಮವರು ಸುಮ್ಮನಿರಬೇಕೋ ಬೇಡವೋ? ದಿನಾ ಬೆಳಿಗ್ಗೆ ಚಹಾ ಕುಡಿದು ಹೋಗಿ ಅವನ ಪಕ್ಕ ನಿಂತು ಕಲಿಸತೊಡಗಿದರು. ಇನ್ನೊಂದು ಸಂಗತಿ ಕೇಳಿ ನನ್ನ ತಲೆ ಪೂರ್ತಿ ಕೆಟ್ಟಿತು. ದೇವದಾನಪ್ಪ ತಾನಾಗಿಯೇ ಕೆಲಸ ಬಿಟ್ಟ ಎಂದು ಸಾವಕಾರರು ಆ ಹುಡುಗನಿಗೆ ಹೇಳಿದ್ದರಂತೆ, ಇವರೂ ಅದಕ್ಕೆ ಹೂಂಗುಟ್ಟಿದ್ದರು.

"ಖರೆ ಹೇಳಾಕ ಏನಾಗಿತ್ರಿ ನಿಮಗ?"

"ಹೇಳಿದ್ರ ಅವನ ಕೈ ನಡಗ್ತಾವು, ರೂತವ್ವ. ಕಲಿಯೂ ಹುಡುಗ."

ಇವರನ್ನು ನಂಬಿ ಕೂತರೆ ಆಗುವುದಲ್ಲ ಎಂದು ನಾನೇ ಸಾವಕಾರರ ಹೆಂಡತಿ ಯಲ್ಲಕ್ಕನ ಕಾಲು ಹಿಡಿದೆ. ಆಕೆ ಗಂಡನಿಗೆ ಗಂಟುಬಿದ್ದು ಒಂದು ಮಾತು ತಂದಳು. "ಅಮಾಸಿ ಮರುದಿನ ಮುಂಜಾನೆ ಆ ಹುಡುಗನ ಮಗ್ಗದಾಗ ಹೊಸಾ ಹಾಸು ಓಡಬೇಕು. ಓಡಲಿಲ್ಲಂದ್ರ ಅವನ್ನ ಕಳಿಸಿ ನಿನ್ನ ಗಂಡನ್ನ ಕರೀತಾರಂತ. ಐತವಾರದ್ದೂ ನಾ ನೋಡ್ಕೋತೀನಿ." ನಾನು ಇದನ್ನು ನಮ್ಮವರಿಗೆ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗನಿಗೆ ಇನ್ನೂ ಜೋರಾಗಿ ಕಲಿಸುತ್ತಿದ್ದರು. ಅಮಾವಾಸ್ಯೆಯ ಹಿಂದಿನ ದಿನ, ಮುಧೋಳದಲ್ಲಿ ಒಂದು ರಾತ್ರಿ ಉಳಿದು ಕೆಲಸ ಕೇಳಿ ಬನ್ನಿ ಎಂದು ನಾನೇ ಬಸ್ಸು ಹತ್ತಿಸಿ ಕಳಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಶೆಡ್ಡು ಸುಮ್ಮನಿತ್ತು. ಅಮಸಿದ್ದಪ್ಪ ನಮ್ಮ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ಕಳೆಯಿರಲಿಲ್ಲ.

"ಅಕ್ಕಾರ, ಘಾತ ಆತ್ರಿ. ಹಳೇ ಹಾಸು ಮುಗೀತು. ಸ್ವಚ್ಛ ಮಾಡೂನಂತ ಹಣಿಗ್ಯಾನ ಎಳಿ ಎಲ್ಲಾ ಜಗ್ಗಿ ಒಗದ್ನಿ."

ಅಯ್ಯೋ ದೇವರೇ ಅಂದುಕೊಂಡೆ. ಹಾಸು, ಅಂದರೆ ಮಗ್ಗದ ಉದ್ದನೆಯ ನೂಲು, ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಬಾಚಣಿಕೆಯಂಥ ಹಣಿಗೆಯ ಹಲ್ಲುಗಳಲ್ಲೇ ಬಿಟ್ಟು, ಹೊಸ ಎಳೆಗಳನ್ನು ಅವಕ್ಕೆ ಗಂಟು ಹಾಕಿ ಎಳೆದುಕೊಳ್ಳಬೇಕು. ಕುರಿಯ ಮೈ ಬೋಳಿಸಿದ ಹಾಗೆ ಇವನು ಎಲ್ಲವನ್ನೂ ತೆಗೆದುಬಿಟ್ಟಿದ್ದ. ಈಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸದಾಗಿ ತುಂಬಬೇಕು. ಹಿಂದೆ ಕೂತು ಎಳೆ ಕೊಡಲು ಒಬ್ಬರು, ಮುಂದೆ ಕೂತು ಎಳೆದುಕೊಳ್ಳಲು ಒಬ್ಬರು, ದಿನವಿಡೀ.

"ಎಲ್ಲಾರ್ನೂ ಕೇಳಿದ್ನಿ. ಅಮಾಸಿಗೆ ಮಗ್ಗ ಮುಟ್ಟೂದಿಲ್ಲ ಅಂತಾರ. ನಿಮಗ ಅಮಾಸಿ ಇಲ್ಲಲ್ರಿ ಅಕ್ಕಾರ?"

"ನಿನಗ ಐತಲ್ಲೋ?"

"ಬೀರಪ್ಪಗ ತಪ್ಪಾತಂತ ಕೈ ಮುಗದು ಬಂದೇನ್ರಿ. ಏನ್ ಮಾಡ್ಲಿ? ಕುರಿ ಎಲ್ಲಾ ಮಾರೇವಿ. ನಾಳೆ ಇದು ಓಡಲಿಲ್ಲಂದ್ರ ನನ್ನ ಬಿಡಿಸಿ ಬ್ಯಾರೆ ಯಾರ್ನೋ ತಗೋತಾರಂತ."

ಗುಳೇದಗುಡ್ಡದ ತವರಿನಲ್ಲಿ ಅಪ್ಪನ ಕೈಮಗ್ಗದ ಹಿಂದೆ ಕೂತು ಎಳೆ ಕೊಡುತ್ತಲೇ ಬೆಳೆದವಳು ನಾನು. ಆದರೂ, "ನನಗ ಬರೂದಿಲ್ಲ" ಎಂದು ಬಾಗಿಲು ಹಾಕಿಕೊಂಡೆ. ಹಸಿ ಸುಳ್ಳು. ಅವನು ಹೋಗಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತ. ಹೋಗಬಾರದೇ ಪುಣ್ಯಾತ್ಮ! ನಾನು ಒಲೆಯ ಮುಂದೆ ನಿಂತು ಕರ್ತನ ಜೊತೆ ಜಗಳಕ್ಕೆ ಬಿದ್ದೆ. ವೈರಿಯನ್ನು ಪ್ರೀತಿಸು ಅಂದೆ, ಸರಿ. ಆದರೆ ಇವನನ್ನು ನೋಡಿದರೆ ವೈರಿಯ ಹಾಗೂ ಕಾಣುವುದಿಲ್ಲವಲ್ಲ, ನಾನು ಯಾರ ಮೇಲೆ ಸಿಟ್ಟು ಮಾಡಲಿ? ಸಂಜೆಯವರೆಗೆ ಸುಮ್ಮನಿದ್ದರೆ ನಮ್ಮ ಮನೆ ಉಳಿಯುತ್ತದೆ. ಇದೊಂದು ದಿನ ನೀನು ಬೇರೆ ಕಡೆ ನೋಡು ಸ್ವಾಮೀ, ಎಂದು ಬಾಯಿಬಿಟ್ಟೇ ಕೇಳಿದೆ. ಹಾಗೆ ಕೇಳಿದ್ದೇ ತಪ್ಪಾಯಿತು, ಆಮೇಲೆ ರೊಟ್ಟಿ ತಟ್ಟಲೂ ಕೈ ಬರಲಿಲ್ಲ. ಬಾಗಿಲನ್ನು ದಡಾರನೆ ತೆಗೆದೆ.

"ಏಳೋ. ಹಣಿಗಿ ಎಲ್ಲೈತಿ ತೋರಸು."

ಇಡೀ ದಿನ ಅವನನ್ನು ಬೈಯುತ್ತಲೇ ಕೂತೆ. ಒಂದು ಹಲ್ಲು ತಪ್ಪಿದರೂ ಬಿಚ್ಚಿಸಿ ಮತ್ತೆ ಹಾಕಿಸಿದೆ. ಬೈಗುಳಕ್ಕೆಲ್ಲ ಅವನು "ಹೌದ್ರಿ ಅಕ್ಕಾರ" ಅನ್ನುತ್ತಿದ್ದ. ಅದು ಕೇಳಿ ಸಿಟ್ಟು ಇನ್ನೂ ಏರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಮುಧೋಳದಿಂದ ಬಂದರು. ಅಲ್ಲಿಯೂ ಕೆಲಸ ಸಿಕ್ಕಿರಲಿಲ್ಲ. ಅವರನ್ನು ಶೆಡ್ಡಿನ ಹೊರಗೆ ಕರೆದುಕೊಂಡು ಹೋಗಿ ಯಲ್ಲಕ್ಕನ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಒಮ್ಮೆಯಾದರೂ ಈ ಮನುಷ್ಯ ಬೈಯಬಾರದೇ? ಅವರು ನಮ್ಮ ಕೋಣೆಯ ಬಾಗಿಲ ಕಡೆ ನೋಡಿದರು. ಗೋಡೆಗೆ ಕೈಕೊಟ್ಟು ನಿಂತರು. ಮನೆ ಹೋಗುವುದು ಇವರಿಗೂ ನೋಯುತ್ತದೆ ಎಂದು ನನಗೆ ಅರ್ಥವಾದದ್ದು ಆಗಲೇ.

"ಇನ್ನ ಎಷ್ಟ್ ಎಳಿ ಉಳದಾವು?" ಎಂದರು.

"ಕಾಲುಭಾಗ."

"ನೀ ಏಳು, ನಿನ್ನ ಬೆನ್ನು ನೋಯ್ತಿರಬೇಕು. ನಾ ಕೂಡ್ತೀನಿ."

ಮರುದಿನ ಮುಂಜಾನೆ ಸಾವಕಾರರು ಬರುವ ಹೊತ್ತಿಗೆ ಹಾಸು ಬಿಗಿಯಾಗಿ ನಿಂತಿತ್ತು. ಅಮಸಿದ್ದಪ್ಪ ಮಗ್ಗದ ಹಿಡಿಕೆಗೆ ಕೈ ಹಾಕಿದವನು ತಿರುಗಿ ನನ್ನನ್ನು ನೋಡಿದ.

"ಅಕ್ಕಾರ, ನಿಮ್ಮಿಂದ ನಾ ಉಳದ್ನಿ. ಆದ್ರ ನನ್ನ ಜಾಗಾಕ್ಕ ಯಾವನೋ ಒಬ್ಬಾಂವ ಬರಾಂವ ಇದ್ನಲ್ರಿ? ಪಾಪ, ಅವನ ಅನ್ನ ಕಸಗೊಂಡಂಗಾತು."

ಪಕ್ಕದಲ್ಲಿ ನಮ್ಮವರು ಎಣ್ಣೆಯ ಡಬ್ಬಿ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ನನಗೆ ಸಿಟ್ಟು ಬಂತು.

"ಅವ ಹೆಂಗರ ಬದಕ್ತಾನ," ಎಂದೆ. "ಅಂವಗ ಹೆಂಡತಿ ಅದಾಳ. ನೀ ಮೊದಲ ಮಗ್ಗ ಹಚ್ಚು."